ಸರದಿ ಮತ್ತು ಹಂಚಿಕೆಯ ಕಲಿಕೆ: ಆಟಿಸಂ ಹಾಗೂ ಎಡಿಎಚ್‌ಡಿ ಇರುವ ಶಾಲಾಪೂರ್ವ ಮಕ್ಕಳು

ಆಟದಲ್ಲೂ ಮಾತಿನಲ್ಲೂ ತನ್ನ ಸರದಿ ಬರುವವರೆಗೆ ಕಾಯುವುದು, ಸರದಿ ಮುಗಿದಾಗ ಬಿಟ್ಟುಕೊಡುವುದು, ತನ್ನಲ್ಲಿರುವುದರಲ್ಲಿ ಇನ್ನೊಬ್ಬರಿಗೆ ಪಾಲು ಕೊಡುವುದು ಮಕ್ಕಳು ಸುಮಾರು ಎರಡರಿಂದ ಆರು ವರ್ಷದ ನಡುವೆ ರೂಢಿಸಿಕೊಳ್ಳುವ ಸಾಮಾಜಿಕ ಕೌಶಲಗಳು. ಹೆಚ್ಚಿನ ಮಕ್ಕಳು ಇವನ್ನು ಮನೆಯವರ, ಓರಗೆಯವರ ಜೊತೆ ಆಡುತ್ತಾಡುತ್ತಲೇ ಕಲಿಯುತ್ತಾರೆ. ಆಟಿಸಂ (ಸ್ವಲೀನತೆ) ಅಥವಾ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸ್ಥಿತಿ) ಇರುವ ಮಕ್ಕಳಿಗೆ ಇವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಕಣ್ಣಿಗೆ ಕಾಣುವಂತೆ ಕಲಿಸಬೇಕಾಗುತ್ತದೆ. ಇಬ್ಬರು ಮಕ್ಕಳು ಪಕ್ಕದವರ ಆಟಿಕೆಯನ್ನು ಒಂದೇ ರೀತಿಯಲ್ಲಿ ಕಿತ್ತುಕೊಂಡರೂ ಅದರ ಹಿಂದಿನ ಕಾರಣ ಒಂದೇ ಆಗಿರಬೇಕಿಲ್ಲ. ಆದ್ದರಿಂದ ಈ ಕ್ಷೇತ್ರದಲ್ಲಿ ಬೋಧನೆ ಆರಂಭವಾಗುವುದು ಮಗುವಿಗೆ ಬುದ್ಧಿ ಹೇಳುವುದರಿಂದಲ್ಲ, ಅದಕ್ಕೆ ಎಲ್ಲಿ ತೊಡಕಾಗುತ್ತಿದೆ ಎಂದು ಗಮನಿಸುವುದರಿಂದ.

ಕೌಶಲಗಳ ಸ್ವರೂಪ

ಸರದಿ ಮತ್ತು ಹಂಚಿಕೆಯನ್ನು ಸಾಮಾನ್ಯವಾಗಿ ಜೊತೆಜೊತೆಗೆ ಹೇಳುವುದುಂಟು. ಕಲಿಸುವವರ ದೃಷ್ಟಿಯಲ್ಲಿ ಇವು ಬೇರೆ ಬೇರೆ. ಜೋಕಾಲಿ, ಜಾರುಬಂಡಿ, ಮೂರು ಗಾಲಿಯ ಸೈಕಲ್ಲನ್ನು ಪಾಲು ಮಾಡಲಾಗದು. ಒಬ್ಬರಾದ ಮೇಲೆ ಒಬ್ಬರು ಬಳಸಬೇಕು, ಬಿಟ್ಟುಕೊಟ್ಟ ವಸ್ತು ಮತ್ತೆ ಕೈಗೆ ಬರುತ್ತದೆ. ಬಿಸ್ಕತ್ತು, ಕಡಲೆಕಾಯಿ, ಸ್ಟಿಕರ್‌ಗಳನ್ನು ಪಾಲು ಮಾಡಬಹುದು, ಆದರೆ ಕೊಟ್ಟದ್ದು ಹಿಂತಿರುಗುವುದಿಲ್ಲ. ಒಂದೇ ಡಬ್ಬಿಯ ಬಣ್ಣದ ಕಡ್ಡಿಗಳಿಂದ ಇಬ್ಬರು ಚಿತ್ರ ಬಿಡಿಸುವುದು ಮೂರನೆಯ ಬಗೆ. ಅಲ್ಲಿ ವಸ್ತು ಇಬ್ಬರದೂ ಹೌದು, ಆದರೆ ಕೆಂಪು ಕಡ್ಡಿಗೆ ಮಾತ್ರ ಕಾಯಬೇಕಾಗಬಹುದು. ಈ ಮೂರೂ ಸಂದರ್ಭಗಳಲ್ಲಿ ದೊಡ್ಡವರಿಂದ ‘ಕೊಡು’ ಎಂಬ ಒಂದೇ ಆಜ್ಞೆ ಹೊರಟರೆ, ಯಾವುದು ತಿರುಗಿ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ಮಗುವಿಗೆ ತಿಳಿಯುವುದಿಲ್ಲ. ಮಾತಿನ ಅರ್ಥವನ್ನು ಸಂದರ್ಭದಿಂದ ಊಹಿಸಲು ಕಷ್ಟಪಡುವ ಮಗು ಇಂತಹ ಕಡೆ ರಚ್ಚೆ ಹಿಡಿದರೆ ಅಚ್ಚರಿಯಿಲ್ಲ.

ಒಂದು ಸರದಿಯ ಒಳಗೆ ಹಲವು ಕೆಲಸಗಳು ಅಡಗಿವೆ. ಎದುರಿಗಿರುವವರನ್ನು ಗಮನಿಸಬೇಕು, ಅವರ ಕೆಲಸ ಯಾವಾಗ ಮುಗಿಯಿತೆಂದು ಗುರುತಿಸಬೇಕು, ಅಷ್ಟರವರೆಗೆ ಕೈ ತಡೆಹಿಡಿಯಬೇಕು, ಮುಂದೆ ತಾನೇನು ಮಾಡಬೇಕೆಂದು ನೆನಪಿಟ್ಟುಕೊಳ್ಳಬೇಕು, ಕೊನೆಗೆ ಬಿಟ್ಟುಕೊಡಬೇಕು. ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ನೋಡುವವರಿಗೆ ಕಾಣುವುದು ಹಟ ಮಾತ್ರ.

ಸಹಜ ಬೆಳವಣಿಗೆ

ಸರದಿಯ ಬೇರು ಮಾತಿಗಿಂತ ಹಳೆಯದು. ಎರಡು ಮೂರು ತಿಂಗಳ ಕೂಸು ದನಿ ತೆಗೆದು ನಿಲ್ಲಿಸುತ್ತದೆ, ತಾಯಿ ಅದಕ್ಕೆ ಮಾರುತ್ತರ ಕೊಡುತ್ತಾಳೆ, ಕೂಸು ಮತ್ತೆ ದನಿ ತೆಗೆಯುತ್ತದೆ. ಈ ಮಾತಿಗೂ ಮುಂಚಿನ ಸಂಭಾಷಣೆಯನ್ನು ಮೇರಿ ಕ್ಯಾಥರೀನ್ ಬೇಟ್ಸನ್ 1975ರಲ್ಲಿ ವಿವರಿಸಿದರು. ಮುಖ ಮುಚ್ಚಿ ತೆರೆದು ‘ಬೂ’ ಎನ್ನುವ ಆಟದಲ್ಲಿ ನಿಯಮ, ನಿರೀಕ್ಷೆ ಮತ್ತು ಪಾತ್ರದ ಅದಲುಬದಲು ಇರುವುದನ್ನು ಜೆರೋಮ್ ಬ್ರೂನರ್ ಮತ್ತು ವರ್ಜೀನಿಯಾ ಶೆರ್ವುಡ್ 1976ರಲ್ಲಿ ತೋರಿಸಿದರು. ಒಂಬತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಕೊಟ್ಟು ತೆಗೆದುಕೊಳ್ಳುವ ಆಟ ಮತ್ತು ಜಂಟಿ ಗಮನ, ಅಂದರೆ ಇಬ್ಬರೂ ಒಂದೇ ವಸ್ತುವನ್ನು ನೋಡುತ್ತಾ ಪರಸ್ಪರರ ಗಮನವನ್ನೂ ಅರಿಯುವುದು, ಆರಂಭವಾಗುತ್ತವೆ.

ಅಮೆರಿಕದ ಮಿನೆಸೋಟದಲ್ಲಿ ನರ್ಸರಿ ಮಕ್ಕಳನ್ನು ಗಮನಿಸಿದ ಮಿಲ್‌ಡ್ರೆಡ್ ಪಾರ್ಟನ್ 1932ರಲ್ಲಿ ಪ್ರಕಟಿಸಿದ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಒಂಟಿ ಆಟ, ಇನ್ನೊಬ್ಬರ ಆಟವನ್ನು ನೋಡುತ್ತ ನಿಲ್ಲುವುದು, ಅಕ್ಕಪಕ್ಕ ಕೂತು ತಮ್ಮ ಪಾಡಿಗೆ ತಾವು ಆಡುವ ಸಮಾಂತರ ಆಟ, ಒಡನಾಟದ ಆಟ, ಒಂದೇ ಗುರಿಯ ಸಹಕಾರಿ ಆಟ ಅವುಗಳಲ್ಲಿ ಮುಖ್ಯವಾದವು. ಸಹಕಾರಿ ಆಟ ಬಲಗೊಳ್ಳುವುದು ಸಾಮಾನ್ಯವಾಗಿ ನಾಲ್ಕನೆಯ ವರ್ಷದ ಆಸುಪಾಸಿನಲ್ಲಿ.

ಹಂಚಿಕೊಳ್ಳುವ ಗುಣ ಇನ್ನೂ ನಿಧಾನವಾಗಿ ಬೆಳೆಯುತ್ತದೆ. ಸ್ವಿಟ್ಜರ್ಲೆಂಡಿನ ಮಕ್ಕಳ ಮೇಲೆ ಅರ್ನ್‌ಸ್ಟ್ ಫೆರ್ ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ನಾಲ್ಕು ವರ್ಷದವರಲ್ಲಿ ಹೆಚ್ಚಿನವರು ತಮ್ಮ ಲಾಭವನ್ನೇ ನೋಡಿಕೊಂಡರೆ, ಏಳೆಂಟು ವರ್ಷದವರಲ್ಲಿ ಸಮಪಾಲಿನತ್ತ ಒಲವು ಎದ್ದು ಕಂಡಿತು. ಕ್ರೇಗ್ ಸ್ಮಿತ್, ಪೀಟರ್ ಬ್ಲೇಕ್ ಮತ್ತು ಪಾಲ್ ಹ್ಯಾರಿಸ್ 2013ರಲ್ಲಿ ಇನ್ನೊಂದು ಮುಖ ತೋರಿಸಿದರು. ಮೂರು ವರ್ಷದ ಮಕ್ಕಳು ಕೂಡ ಸ್ಟಿಕರ್‌ಗಳನ್ನು ಸಮನಾಗಿ ಹಂಚಬೇಕು ಎನ್ನುತ್ತಾರೆ, ಆದರೆ ಹಂಚುವಾಗ ತಮಗೇ ಹೆಚ್ಚು ಉಳಿಸಿಕೊಳ್ಳುತ್ತಾರೆ. ತಾವು ಹಾಗೆ ಮಾಡುತ್ತೇವೆಂದು ಮುಂಚೆಯೇ ಸರಿಯಾಗಿ ಊಹಿಸುತ್ತಾರೆ ಕೂಡ. ನಿಯಮ ಗೊತ್ತಿರುವುದು ಬೇರೆ, ಅದರಂತೆ ನಡೆಯುವುದು ಬೇರೆ. ಆದ್ದರಿಂದ ಮೂರು ವರ್ಷದ ಮಗು ಆಟಿಕೆ ಬಿಟ್ಟುಕೊಡಲಿಲ್ಲ ಎಂಬುದೊಂದೇ ಯಾವ ತೊಂದರೆಯ ಲಕ್ಷಣವೂ ಅಲ್ಲ.

ಆಟಿಸಂ ಇರುವ ಮಕ್ಕಳಲ್ಲಿ

ಅಮೆರಿಕನ್ ಮನೋವೈದ್ಯಕೀಯ ಸಂಘದ ಕೈಪಿಡಿಯ ಐದನೆಯ ಆವೃತ್ತಿ, ಅಂದರೆ 2013ರ ಡಿಎಸ್‌ಎಂ–5, ಆಟಿಸಂನ ಮಾನದಂಡಗಳಲ್ಲಿ ಮಾತಿನ ಕೊಡುಕೊಳ್ಳುವಿಕೆಯ ತೊಡಕು, ಆಸಕ್ತಿ ಹಾಗೂ ಭಾವಗಳನ್ನು ಇತರರೊಂದಿಗೆ ಹಂಚಿಕೊಳ್ಳುವುದು ಕಡಿಮೆಯಾಗಿರುವುದು, ಕಲ್ಪನೆಯ ಆಟವನ್ನು ಜೊತೆಯಾಗಿ ಆಡಲು ಕಷ್ಟವಾಗುವುದನ್ನು ಹೆಸರಿಸುತ್ತದೆ. ಇಲ್ಲಿ ಮೊದಲ ತೊಡಕು ಗಮನದ್ದು. ಮಗು ಉರುಳುವ ಚಕ್ರವನ್ನು ಆಳವಾಗಿ ನೋಡುತ್ತಿರುತ್ತದೆ, ಎದುರು ಕೂತವರು ಆಟದ ಭಾಗವೆಂದು ಅದಕ್ಕೆ ಅನ್ನಿಸಿರುವುದಿಲ್ಲ. ಎರಡನೆಯದು ಊಹೆಯದು. ಕೈಬಿಟ್ಟ ವಸ್ತು ಮರಳಿ ಬರುತ್ತದೆಂಬ ಭರವಸೆ ಬೇರೆಯವರ ಉದ್ದೇಶವನ್ನು ಅರಿಯುವುದರ ಮೇಲೆ ನಿಂತಿದೆ. ಸೈಮನ್ ಬ್ಯಾರನ್–ಕೋಹೆನ್, ಅಲನ್ ಲೆಸ್ಲಿ ಮತ್ತು ಉಟಾ ಫ್ರಿತ್ 1985ರಲ್ಲಿ ಆಟಿಸಂ ಇರುವ ಅನೇಕ ಮಕ್ಕಳಿಗೆ ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ಊಹಿಸುವುದು ಕಷ್ಟವೆಂದು ಪ್ರತಿಪಾದಿಸಿದರು. ಈ ವಾದವನ್ನು ಮುಂದೆ ಹಲವರು ತಿದ್ದಿದ್ದಾರೆ.

ಮೂರನೆಯದು ಕ್ರಮದ ಮೇಲಿನ ಒಲವು. ಸಾಲಾಗಿ ಜೋಡಿಸಿದ ಕಾರುಗಳ ನಡುವಿನಿಂದ ಒಂದನ್ನು ಎತ್ತಿಕೊಂಡರೆ ಮಗುವಿಗೆ ಹೋದದ್ದು ಒಂದು ಕಾರಲ್ಲ, ಇಡೀ ಜೋಡಣೆ. ಪಕ್ಕದ ಮಗುವಿನ ಕಿರುಚಾಟ, ನೂಕುನುಗ್ಗಲು, ಮೈ ತಾಗುವುದು ಸಹ ಕೆಲವರಿಗೆ ತಾಳಲಾಗದಷ್ಟು ಕಿರಿಕಿರಿ ಉಂಟುಮಾಡುತ್ತವೆ. ಅಂತಹ ಮಗು ಸರದಿಗೆ ನಿಲ್ಲದಿರುವುದಕ್ಕೆ ಕಾರಣ ಸರದಿಯಲ್ಲ, ಸಾಲಿನಲ್ಲಿರುವ ಗದ್ದಲ.

ಎಡಿಎಚ್‌ಡಿ ಇರುವ ಮಕ್ಕಳಲ್ಲಿ

ಸರದಿಗಾಗಿ ಕಾಯಲು ಕಷ್ಟಪಡುವುದು ಎಡಿಎಚ್‌ಡಿಯ ಅಧಿಕೃತ ಲಕ್ಷಣಗಳಲ್ಲೇ ಒಂದು. ಇತರರ ಆಟ, ಮಾತುಗಳ ನಡುವೆ ನುಗ್ಗುವುದನ್ನು ಅದೇ ಪಟ್ಟಿ ಪಕ್ಕದಲ್ಲೇ ನಮೂದಿಸುತ್ತದೆ. ಇಲ್ಲಿ ಮಗುವಿಗೆ ಆಟದ ನಿಯಮ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತದೆ, ಜೊತೆಗಾರರೂ ಬೇಕು. ಆದರೆ ನೆನಪಿಗೆ ಬರುವಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ರಸೆಲ್ ಬಾರ್ಕ್ಲಿ 1997ರಲ್ಲಿ ಈ ಸ್ಥಿತಿಯ ತಿರುಳು ವರ್ತನೆಯನ್ನು ತಡೆಹಿಡಿಯುವ ಶಕ್ತಿಯ ದೌರ್ಬಲ್ಯ ಎಂದು ವಾದಿಸಿದರು. ಎಡ್ಮಂಡ್ ಸೊನುಗ–ಬಾರ್ಕ್ 1990ರ ದಶಕದಿಂದ ಬೆಳೆಸಿದ ಇನ್ನೊಂದು ವಿವರಣೆಯಂತೆ, ಈ ಮಕ್ಕಳಿಗೆ ವಿಳಂಬವೇ ಅಸಹನೀಯ. ಕಾಯುವುದನ್ನು ತಪ್ಪಿಸಿಕೊಳ್ಳಲು ಅವರು ಸಿಕ್ಕಿದ್ದನ್ನು ಹಿಡಿಯುತ್ತಾರೆ ಅಥವಾ ಬೇರೆ ಕಡೆ ಓಡುತ್ತಾರೆ. ಎರಡು ನಿಮಿಷ ಎಂಬುದು ಎಷ್ಟು ಹೊತ್ತು ಎಂಬ ಅಂದಾಜೂ ಅನೇಕರಲ್ಲಿ ದುರ್ಬಲ.

ಚಿಕ್ಕ ವಯಸ್ಸಿನಲ್ಲಿ ಚಂಚಲತೆ ಎಲ್ಲ ಮಕ್ಕಳಲ್ಲೂ ಇರುವುದರಿಂದ ಈ ನಿದಾನದಲ್ಲಿ ಎಚ್ಚರ ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ ನಾಲ್ಕು ವರ್ಷದಿಂದ ಮೇಲ್ಪಟ್ಟವರಿಗೆ ಅನ್ವಯಿಸುತ್ತದೆ. ಲಕ್ಷಣಗಳು ಮನೆ, ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಿಸಿಕೊಳ್ಳಬೇಕು. ಆಟಿಸಂ ಅನ್ನು ಮಾತ್ರ ಅನುಭವಿ ತಜ್ಞರು ಎರಡು ವರ್ಷದ ಹೊತ್ತಿಗೇ ಗುರುತಿಸಬಲ್ಲರು.

ಎರಡೂ ಕೂಡಿದಾಗ

1994ರ ಡಿಎಸ್‌ಎಂ–4ರ ನಿಯಮದಂತೆ ಆಟಿಸಂ ಇದ್ದ ಮಗುವಿಗೆ ಎಡಿಎಚ್‌ಡಿಯ ಹೆಸರನ್ನೂ ಕೊಡುವಂತಿರಲಿಲ್ಲ. 2013ರಲ್ಲಿ ಆ ಅಡ್ಡಿ ಹೋಯಿತು. ಆಟಿಸಂ ಇರುವ ಮಕ್ಕಳಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿಯಲ್ಲಿ ಎಡಿಎಚ್‌ಡಿ ಇರುತ್ತದೆಂದು ಅನೇಕ ಅಧ್ಯಯನಗಳು ಹೇಳುತ್ತವೆ. ಇಂತಹ ಮಗುವಿಗೆ ಸರದಿಯ ಅರ್ಥವೂ ಸ್ಪಷ್ಟವಿಲ್ಲ, ಕಾಯುವ ತಾಳ್ಮೆಯೂ ಕಡಿಮೆ. ಬೋಧನೆಯಲ್ಲಿ ಇದು ಇಕ್ಕಟ್ಟಿಗೆ ಕಾರಣವಾಗುತ್ತದೆ. ಆಟಿಸಂ ಇರುವ ಮಗುವಿಗೆ ಹಿತವೆನಿಸುವ ಒಂದೇ ಬಗೆಯ ಪುನರಾವರ್ತನೆ ಎಡಿಎಚ್‌ಡಿ ಇರುವ ಮಗುವಿಗೆ ಬೇಗ ಬೇಸರ ತರಿಸುತ್ತದೆ. ಹೀಗಾಗಿ ಸರದಿಯ ಕ್ರಮವನ್ನು ಹಾಗೇ ಉಳಿಸಿಕೊಂಡು ಆಟಿಕೆಯನ್ನು ಆಗಾಗ ಬದಲಾಯಿಸುವುದು ರೂಢಿಯಲ್ಲಿರುವ ಉಪಾಯ.

ಬೋಧನಾ ಪದ್ಧತಿಗಳ ಇತಿಹಾಸ

ಲಿಯೊ ಕ್ಯಾನರ್ 1943ರಲ್ಲಿ ಆಟಿಸಂ ಅನ್ನು ವಿವರಿಸಿದ ಮೇಲೂ ಎರಡು ದಶಕ ವ್ಯವಸ್ಥಿತ ಬೋಧನೆ ವಿರಳವಾಗಿತ್ತು. 1960ರ ದಶಕದಲ್ಲಿ ಲಾಸ್ ಏಂಜಲಿಸ್‌ನಲ್ಲಿ ಓಲೆ ಐವರ್ ಲೊವಾಸ್ ವರ್ತನಾ ತತ್ತ್ವಗಳನ್ನು ಬಳಸಿ ಕೌಶಲಗಳನ್ನು ತುಣುಕು ತುಣುಕಾಗಿ ಕಲಿಸಲು ತೊಡಗಿದರು. 1987ರ ಅವರ ವರದಿ ಬಹಳ ಪ್ರಭಾವ ಬೀರಿತು. ಆದರೆ ಆರಂಭದ ವರ್ಷಗಳಲ್ಲಿ ಹೊಡೆತ, ವಿದ್ಯುತ್ ಆಘಾತಗಳನ್ನೂ ಬಳಸಿದ್ದು ಆ ಪರಂಪರೆಯ ಮೇಲಿನ ದೊಡ್ಡ ಕಳಂಕ. ಉತ್ತರ ಕ್ಯಾರೊಲಿನಾದಲ್ಲಿ ಎರಿಕ್ ಶಾಪ್ಲರ್ ನೇತೃತ್ವದ ಟೀಚ್ ಕಾರ್ಯಕ್ರಮ 1972ರಲ್ಲಿ ರಾಜ್ಯಮಟ್ಟಕ್ಕೇರಿತು. ಮಗುವನ್ನು ತಿದ್ದುವ ಮುನ್ನ ಅದರ ಸುತ್ತಲಿನ ಜಾಗ, ಸಮಯ, ಕೆಲಸಗಳನ್ನು ಚಿತ್ರಗಳ ಮೂಲಕ ಸ್ಪಷ್ಟಗೊಳಿಸುವುದು ಅದರ ಕೊಡುಗೆ. ಪಿಟ್ಸ್‌ಬರ್ಗ್‌ನಲ್ಲಿ ಫಿಲಿಪ್ ಸ್ಟ್ರೇನ್ 1980ರ ದಶಕದ ಆರಂಭದಲ್ಲಿ ಕಟ್ಟಿದ ಲೀಪ್ ಕಾರ್ಯಕ್ರಮ ಆಟಿಸಂ ಇರುವ ಮತ್ತು ಇಲ್ಲದ ಮಕ್ಕಳನ್ನು ಒಂದೇ ಶಾಲಾಪೂರ್ವ ತರಗತಿಯಲ್ಲಿ ಕೂರಿಸಿತು. 1991ರಿಂದ ಕ್ಯಾರಲ್ ಗ್ರೇ ರೂಪಿಸಿದ ಸಾಮಾಜಿಕ ಕಥೆಗಳು ‘ಜೋಕಾಲಿಯಲ್ಲಿ ಇನ್ನೊಬ್ಬರು ಇದ್ದರೆ ನಾನು ಏನು ಮಾಡಬಹುದು’ ಎಂಬಂತಹ ಸಂದರ್ಭಗಳನ್ನು ಮಗುವಿನ ದೃಷ್ಟಿಯಿಂದ ಪುಟ್ಟ ವಾಕ್ಯಗಳಲ್ಲಿ ವಿವರಿಸುತ್ತವೆ.

ಮುಂದೆ ವರ್ತನಾ ಪದ್ಧತಿ ಮತ್ತು ಬೆಳವಣಿಗೆಯ ವಿಜ್ಞಾನ ಹತ್ತಿರ ಬಂದವು. ಸ್ಯಾಲಿ ರೋಜರ್ಸ್ ಮತ್ತು ಜೆರಾಲ್ಡಿನ್ ಡಾಸನ್ ಅವರ ಅರ್ಲಿ ಸ್ಟಾರ್ಟ್ ಡೆನ್ವರ್ ಮಾದರಿ, ಜಂಟಿ ಗಮನ ಮತ್ತು ಆಟಕ್ಕೆ ಒತ್ತು ಕೊಡುವ ಕಾನಿ ಕಸಾರಿ ಅವರ ಜ್ಯಾಸ್ಪರ್ ಇದಕ್ಕೆ ಉದಾಹರಣೆಗಳು. ಮೇಜಿನ ಮುಂದೆ ಕೂರಿಸಿ ಪಾಠ ಒಪ್ಪಿಸುವ ಬದಲು ಮಗುವಿಗೆ ಇಷ್ಟವಾದ ಆಟದೊಳಗೇ ಸರದಿಯನ್ನು ಹೆಣೆಯುವುದು ಇವುಗಳ ಸಮಾನ ಗುಣ.

ಸರದಿ ಕಲಿಸುವ ಕ್ರಮ

ಆರಂಭದಲ್ಲಿ ಜೊತೆಗಾರರು ಮಕ್ಕಳಲ್ಲ, ದೊಡ್ಡವರು. ದೊಡ್ಡವರು ಬೇಗ ಮುಗಿಸಿ ಬೇಗ ಹಿಂತಿರುಗಿಸಬಲ್ಲರು. ಆಟಿಕೆಯ ಆಯ್ಕೆ ಮುಖ್ಯ. ಆರಂಭ ಮತ್ತು ಅಂತ್ಯ ಸ್ಪಷ್ಟವಾಗಿರುವ, ಒಂದು ಸರದಿ ಎರಡು ಮೂರು ಸೆಕೆಂಡಿನಲ್ಲಿ ಮುಗಿಯುವ ಆಟಗಳು ಸೂಕ್ತ: ಕಂಬಕ್ಕೆ ಬಳೆ ಹಾಕುವುದು, ಇಳಿಜಾರಿನಲ್ಲಿ ಚೆಂಡು ಬಿಡುವುದು, ಬ್ಲಾಕಿನ ಮೇಲೆ ಬ್ಲಾಕು ಇಡುವುದು. ಮಗುವಿಗೆ ಪ್ರಾಣವಾಗಿರುವ ಆಟಿಕೆಯಿಂದ ಶುರುಮಾಡುವುದು ತಪ್ಪು ಹೆಜ್ಜೆ. ಅದನ್ನು ಬಿಡುವ ನೋವೇ ದೊಡ್ಡದಾಗಿ ಪಾಠ ಹಿಂದೆ ಸರಿಯುತ್ತದೆ.

ಬ್ಲಾಕ್ ಗೋಪುರದ ಒಂದು ಸಾಮಾನ್ಯ ಪಾಠ ಹೀಗೆ ಸಾಗುತ್ತದೆ. ಮಗು ಮತ್ತು ತಾಯಿ ಚಾಪೆಯ ಮೇಲೆ ಎದುರುಬದುರು ಕೂರುತ್ತಾರೆ. ಬ್ಲಾಕುಗಳೆಲ್ಲ ತಾಯಿಯ ಪಕ್ಕದ ಬುಟ್ಟಿಯಲ್ಲಿರುತ್ತವೆ, ಇಲ್ಲವಾದರೆ ಮಗು ಒಂದೇ ಉಸಿರಿಗೆ ಎಲ್ಲವನ್ನೂ ಜೋಡಿಸಿಬಿಡುತ್ತದೆ. ಇಬ್ಬರ ಫೋಟೊ ಅಂಟಿಸಿದ ರಟ್ಟಿನ ಮೇಲೆ ಬಟ್ಟೆ ಕ್ಲಿಪ್ಪೊಂದು ಮಗುವಿನ ಚಿತ್ರಕ್ಕೆ ಸಿಕ್ಕಿಸಿದೆ. ತಾಯಿ ಮಗುವಿನ ಹೆಸರು ಹೇಳಿ ‘ಸರದಿ’ ಎಂದು ಒಂದು ಬ್ಲಾಕು ಕೊಡುತ್ತಾಳೆ. ಮಗು ಇಡುತ್ತದೆ. ಕ್ಲಿಪ್ಪು ತಾಯಿಯ ಚಿತ್ರಕ್ಕೆ ಬರುತ್ತದೆ, ‘ಅಮ್ಮನ ಸರದಿ’ ಎನ್ನುತ್ತ ಅವಳು ತನ್ನ ಬ್ಲಾಕನ್ನು ತಡಮಾಡದೆ ಇಡುತ್ತಾಳೆ. ಮಗುವಿನ ಕೈ ಮುಂದೆ ಬಂದರೆ ಬೈಯುವುದಿಲ್ಲ, ಆ ಕೈಗೆ ಕ್ಲಿಪ್ಪನ್ನು ಕೊಟ್ಟು ಚಿತ್ರದ ಮೇಲೆ ಹಾಕಿಸುತ್ತಾಳೆ. ಕಾಯುವ ಕೈಗೂ ಒಂದು ಕೆಲಸ ಸಿಕ್ಕಂತಾಯಿತು. ಆರೇಳು ಬ್ಲಾಕು ಏರಿದ ಮೇಲೆ ಇಬ್ಬರೂ ಸೇರಿ ಗೋಪುರ ಬೀಳಿಸುತ್ತಾರೆ. ಮೂರು ನಿಮಿಷದಲ್ಲಿ, ಮಗುವಿಗೆ ಇನ್ನೂ ಬೇಕೆನಿಸುತ್ತಿರುವಾಗಲೇ ಆಟ ಮುಗಿಯುತ್ತದೆ.

ಇಲ್ಲಿ ‘ನನ್ನ’, ‘ನಿನ್ನ’ ಎನ್ನದೆ ಹೆಸರು ಬಳಸುವುದಕ್ಕೆ ಕಾರಣವಿದೆ. ಆಟಿಸಂ ಇರುವ ಕೆಲವು ಮಕ್ಕಳು ಕೇಳಿದ ಮಾತನ್ನು ಹಾಗೆಯೇ ಮರುನುಡಿಯುವುದರಿಂದ ತಮ್ಮನ್ನು ‘ನೀನು’ ಎಂದುಕೊಳ್ಳುತ್ತಾರೆ. ಕ್ಯಾನರ್ ತಮ್ಮ ಮೊದಲ ಲೇಖನದಲ್ಲೇ ಇದನ್ನು ದಾಖಲಿಸಿದ್ದರು. ಮಾತಾಡದ ಮಕ್ಕಳಿಗೆ ಎದೆ ಮುಟ್ಟಿ ತೋರಿಸುವ ಸನ್ನೆ, ಚಿತ್ರದ ಕಾರ್ಡು ಅಥವಾ ಗುಂಡಿ ಒತ್ತಿದರೆ ಮಾತು ಹೊರಡಿಸುವ ಸಾಧನ ಸಾಕಾಗುತ್ತದೆ. ಬಾಯಿಂದಲೇ ಕೇಳಬೇಕೆಂಬ ಷರತ್ತು ಹಾಕಬಾರದು.

ಮುಂದಿನ ಹೆಜ್ಜೆ ಕಾಯುವ ಅವಧಿಯನ್ನು ಹಿಗ್ಗಿಸುವುದು. ಸೈಕಲ್, ಜೋಕಾಲಿಯಂತಹ ದೀರ್ಘ ಸರದಿಗಳಿಗೆ ಮರಳು ಗಡಿಯಾರ ಅಥವಾ ಬಣ್ಣದ ಬಿಲ್ಲೆ ಕರಗುತ್ತ ಹೋಗುವ ಟೈಮರ್ ನೆರವಾಗುತ್ತದೆ. ಎಷ್ಟು ಹೊತ್ತು ಉಳಿದಿದೆ ಎಂಬುದು ಕಾಣುವುದರಿಂದ ಸಮಯದ ಅಂದಾಜಿಲ್ಲದ ಮಗುವಿಗೂ ಕಾಯುವಿಕೆಯ ಕೊನೆ ಗೊತ್ತಾಗುತ್ತದೆ. ಟೈಮರಿನ ಸದ್ದಿಗೆ ಬೆಚ್ಚುವ ಮಕ್ಕಳಿಗೆ ಎಣಿಕೆ ಮೇಲು. ಜೋಕಾಲಿಯನ್ನು ಹತ್ತು ಸಲ ತೂಗಿದರೆ ಒಂದು ಸರದಿ ಎಂದಿಟ್ಟುಕೊಂಡು ಕಾಯುವ ಮಗುವೇ ಗಟ್ಟಿಯಾಗಿ ಎಣಿಸಬಹುದು. ಹತ್ತು ಎಂದಾಕ್ಷಣ ಸರದಿ ತಪ್ಪದೆ ಬದಲಾಗಬೇಕು. ‘ಇನ್ನೊಂದೇ ಸಲ’ ಎಂದು ಒಮ್ಮೆ ಸಡಿಲಿಸಿದರೆ ಕಾಯುತ್ತಿದ್ದ ಮಗುವಿಗೆ ಎಣಿಕೆಯ ಮೇಲಿನ ನಂಬಿಕೆ ಹೋಗುತ್ತದೆ.

ಎಡಿಎಚ್‌ಡಿ ಇರುವ ಮಗುವಿಗೆ ಕಾಯುವುದೆಂದರೆ ಅಲುಗಾಡದೆ ನಿಲ್ಲುವುದು ಎಂದಾಗಬಾರದು. ಮುಂದಿನವರಿಗೆ ಚೆಂಡು ತಂದುಕೊಡುವುದು, ಅಂಕ ಬರೆಯುವುದು, ಗುರುತಿನ ಬಿಲ್ಲೆಗಳ ಮೇಲೆ ಕುಪ್ಪಳಿಸುತ್ತ ಮುಂದೆ ಬರುವುದು ಇವೆಲ್ಲ ಕಾಯುವಿಕೆಯೇ. ಗುಂಪು ಚಿಕ್ಕದಿರಬೇಕು. ಇಬ್ಬರಿದ್ದರೆ ಒಂದು ಸರದಿ ಕಾದರೆ ಸಾಕು, ಐವರಿದ್ದರೆ ನಾಲ್ಕು. ಸೂಚನೆ ಎರಡು ಮೂರು ಮಾತಿಗೆ ಮೀರಬಾರದು, ದೂರದಿಂದ ಕೂಗಿ ಹೇಳದೆ ಪಕ್ಕದಲ್ಲಿ ಕೂತು ಹೇಳಬೇಕು. ‘ಜಾಣ’ ಎಂಬ ಪೊಳ್ಳು ಹೊಗಳಿಕೆಗಿಂತ ‘ನೀನು ಕಾದೆ, ಈಗ ಚೆಂಡು ನಿನ್ನದು’ ಎಂದು ಮಾಡಿದ ಕೆಲಸವನ್ನೇ ಹೆಸರಿಸುವುದು ಪರಿಣಾಮಕಾರಿ. ‘ಮೊದಲು ಇದು, ಆಮೇಲೆ ಅದು’ ಎಂಬ ಕ್ರಮದ ಹಿಂದಿರುವುದು ಡೇವಿಡ್ ಪ್ರೀಮ್ಯಾಕ್ 1959ರಲ್ಲಿ ನಿರೂಪಿಸಿದ ತತ್ತ್ವ: ಹೆಚ್ಚು ಇಷ್ಟವಾದ ಚಟುವಟಿಕೆಯೇ ಕಡಿಮೆ ಇಷ್ಟವಾದ ಚಟುವಟಿಕೆಗೆ ಬಹುಮಾನವಾಗಬಲ್ಲದು.

ನೆರವನ್ನು ಕ್ರಮೇಣ ಕಡಿಮೆ ಮಾಡುವುದೂ ಪಾಠದ ಭಾಗ. ಕೈ ಹಿಡಿದು ತೋರಿಸುವುದು, ಬೆರಳಿಂದ ತೋರುವುದು, ಸುಮ್ಮನೆ ನಿರೀಕ್ಷೆಯಿಂದ ನೋಡುವುದು ಹೀಗೆ ಸುಳಿವು ಇಳಿಯುತ್ತ ಬರುತ್ತದೆ. ಚಿತ್ರದ ರಟ್ಟನ್ನು ಮಾತ್ರ ಅವಸರದಿಂದ ತೆಗೆಯಬೇಕಿಲ್ಲ.

ಕನ್ನಡ ನಾಡಿನ ಮನೆಯಾಟಗಳಲ್ಲಿ ಹಲವು ಇದಕ್ಕೆ ಒದಗುತ್ತವೆ. ಕೆರೆ–ದಡ ಆಟ ಹೇಳಿದ ಕ್ಷಣ ಜಿಗಿಯುವುದನ್ನೂ ತಡೆಯುವುದನ್ನೂ ಅಭ್ಯಾಸ ಮಾಡಿಸುತ್ತದೆ. ಅಳಿಗುಳಿಮಣೆಯ ಪೂರ್ಣ ನಿಯಮ ಈ ವಯಸ್ಸಿಗೆ ಕಷ್ಟವಾದರೂ ಒಬ್ಬರಾದ ಮೇಲೆ ಒಬ್ಬರು ಒಂದೊಂದು ಕಾಳು ಗುಳಿಗೆ ಹಾಕುವ ಸರಳ ರೂಪ ಸಾಧ್ಯ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಮಕ್ಕಳಿದ್ದರೆ ಹುಣಸೆ ಬೀಜದ ಬದಲು ದೊಡ್ಡ ಮಣಿಗಳೇ ಬೇಕು. ಹಾವು–ಏಣಿಯಂತಹ ಸೋಲು–ಗೆಲುವಿನ ಆಟಗಳನ್ನು ಎಲ್ಲರೂ ಸೇರಿ ಮುಗಿಸುವ ಆಟಗಳ ನಂತರ ತರುವುದು ಒಳ್ಳೆಯದು. ಕಾಯುವುದು, ಸೋಲುವುದು ಎರಡನ್ನೂ ಒಟ್ಟಿಗೆ ಹೊರಿಸಬಾರದು.

ಹಂಚಿಕೊಳ್ಳುವುದನ್ನು ಕಲಿಸುವುದು

ಹಂಚಿಕೆಯ ಪಾಠ ಹೇರಳವಾಗಿರುವ ವಸ್ತುವಿನಿಂದ ಆರಂಭವಾಗುತ್ತದೆ. ತಟ್ಟೆಯಲ್ಲಿ ಹತ್ತು ಬಿಸ್ಕತ್ತಿದ್ದಾಗ ಒಂದನ್ನು ಕೊಡುವುದು ಸುಲಭ, ಉಳಿದಿರುವುದೇ ಒಂದಾದರೆ ದೊಡ್ಡವರಿಗೂ ಕಷ್ಟ. ಮಗುವೇ ಬಡಿಸುವವರಾಗುವುದು ಇನ್ನೊಂದು ದಾರಿ. ಎಲ್ಲರಿಗೂ ಒಂದೊಂದು ಲೋಟ, ಒಂದೊಂದು ಹಣ್ಣಿನ ಹೋಳು ಇಡುತ್ತ ಹೋದಂತೆ ಕೊಡುವ ಕ್ರಿಯೆಗೆ ಕೈ ಪಳಗುತ್ತದೆ.

ಒತ್ತಾಯದ ಹಂಚಿಕೆ ಹೆಚ್ಚು ಬಾಳುವುದಿಲ್ಲ. ನಾಡಿಯಾ ಚೆರ್ನ್ಯಾಕ್ ಮತ್ತು ತಮರ್ ಕುಶ್ನಿರ್ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಟಿಕರ್ ತಾನೇ ಇಟ್ಟುಕೊಳ್ಳುವ ಆಯ್ಕೆ ಇದ್ದೂ ಕೊಡಲು ನಿರ್ಧರಿಸಿದ ಶಾಲಾಪೂರ್ವ ಮಕ್ಕಳು ಮುಂದಿನ ಸಲ ಹೆಚ್ಚು ಹಂಚಿದರು. ಅವರು ಸಾಮಾನ್ಯ ಬೆಳವಣಿಗೆಯ ಮಕ್ಕಳಾಗಿದ್ದರೂ ಬೇಡ ಎನ್ನುವ ಅವಕಾಶ ಇರಬೇಕೆಂಬ ತತ್ತ್ವವನ್ನು ಇಲ್ಲಿಯೂ ಅನುಸರಿಸಲಾಗುತ್ತದೆ. ಪ್ರತಿ ಮಗುವಿಗೂ ಯಾರೊಂದಿಗೂ ಹಂಚಬೇಕಿಲ್ಲದ ಕೆಲವು ವಸ್ತುಗಳಿರಬೇಕು. ಮನಸ್ಸಿಗೆ ನೆಮ್ಮದಿ ಕೊಡುವ ಬಟ್ಟೆಯ ತುಂಡು, ನಿದ್ದೆಗೆ ಬೇಕಾದ ಗೊಂಬೆ, ಅಚ್ಚುಮೆಚ್ಚಿನ ಕಾರು ಇಂಥವನ್ನು ಅತಿಥಿ ಮಕ್ಕಳು ಬರುವ ಮುನ್ನ ಮಗುವಿನ ಸಮ್ಮತಿಯಿಂದ ಬೇರೆ ಪೆಟ್ಟಿಗೆಯಲ್ಲಿಡುವುದು ಜಗಳ ತಪ್ಪಿಸುವ ಸರಳ ಕ್ರಮ. ತನ್ನದು ಸುರಕ್ಷಿತ ಎಂದು ಗೊತ್ತಾದ ಮಗು ಉಳಿದದ್ದನ್ನು ಬಿಡಲು ಹೆಚ್ಚು ಸಿದ್ಧವಿರುತ್ತದೆ.

ಓರಗೆಯ ಮಕ್ಕಳ ಪಾತ್ರ

ದೊಡ್ಡವರೊಂದಿಗೆ ಕಲಿತದ್ದು ಮಕ್ಕಳ ಗುಂಪಿಗೆ ತಾನಾಗಿ ಸಾಗುವುದಿಲ್ಲ. ಆದ್ದರಿಂದ ಸಹಪಾಠಿಗಳಿಗೂ ತರಬೇತಿ ಕೊಡುವ ಕ್ರಮವನ್ನು ಸ್ಟ್ರೇನ್ ಮತ್ತು ಸ್ಯಾಮ್ಯುಯೆಲ್ ಓಡಮ್ 1980ರ ದಶಕದಲ್ಲಿ ಬೆಳೆಸಿದರು. ಹೆಸರು ಕರೆದು ಎದುರಿಗೆ ಬಂದು ನಿಲ್ಲುವುದು, ಆಟಿಕೆಯನ್ನು ಕೈಗೆ ನೀಡುವುದು, ಉತ್ತರ ಬರುವವರೆಗೆ ತಾಳುವುದು, ಬರದಿದ್ದರೆ ಮತ್ತೊಮ್ಮೆ ಕರೆಯುವುದನ್ನು ನಾಲ್ಕು ವರ್ಷದ ಮಕ್ಕಳೂ ಕಲಿಯಬಲ್ಲರು. ಲೀಪ್ ಮಾದರಿಯನ್ನು ಹಲವು ತರಗತಿಗಳಲ್ಲಿ ಪರೀಕ್ಷಿಸಿದ 2011ರ ಯಾದೃಚ್ಛಿಕ ಅಧ್ಯಯನ ಉತ್ತಮ ಫಲಿತಾಂಶ ವರದಿ ಮಾಡಿತು. ಸಹಪಾಠಿ ಪುಟ್ಟ ಮೇಷ್ಟರಾಗಿಬಿಡುವುದು ಇದರ ಅಪಾಯ. ಪಾತ್ರಗಳು ಅದಲುಬದಲಾಗುತ್ತಿದ್ದರೆ ಅದನ್ನು ತಪ್ಪಿಸಬಹುದು.

ಪೋಷಕರ ತರಬೇತಿ ಮತ್ತು ಔಷಧ

ಎಡಿಎಚ್‌ಡಿ ಇರುವ ನಾಲ್ಕರಿಂದ ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ಪೋಷಕರಿಗೆ ವರ್ತನಾ ನಿರ್ವಹಣೆಯ ತರಬೇತಿ ಮತ್ತು ತರಗತಿಯಲ್ಲಿನ ವರ್ತನಾ ಕ್ರಮಗಳು ಎಂದು ಅಮೆರಿಕದ ಅಕಾಡೆಮಿಯ 2019ರ ಮಾರ್ಗಸೂಚಿ ಹೇಳುತ್ತದೆ. ಬ್ರಿಟನ್ನಿನ 2018ರ ಮಾರ್ಗಸೂಚಿಯೂ ಐದು ವರ್ಷದೊಳಗಿನವರಿಗೆ ಪೋಷಕರ ತರಬೇತಿಯನ್ನೇ ಮುಂದಿಡುತ್ತದೆ. ಮೀಥೈಲ್‌ಫೆನಿಡೇಟ್ ಔಷಧವನ್ನು ಈ ವಯಸ್ಸಿನವರಲ್ಲಿ ಪರೀಕ್ಷಿಸಿದ ಅಮೆರಿಕದ ಬಹುಕೇಂದ್ರ ಅಧ್ಯಯನದ 2006ರ ವರದಿಗಳಂತೆ ಪ್ರಯೋಜನ ಇತ್ತಾದರೂ ಶಾಲಾ ವಯಸ್ಸಿನವರಿಗಿಂತ ಕಡಿಮೆ, ಅಡ್ಡಪರಿಣಾಮಗಳು ಹೆಚ್ಚು. ಆಟಿಸಂನ ಸಾಮಾಜಿಕ ತೊಡಕುಗಳಿಗೆ ನೇರವಾದ ಔಷಧವಿಲ್ಲ. ಔಷಧ ಕೈಯನ್ನು ಒಂದು ಕ್ಷಣ ತಡೆಯಲು ನೆರವಾದರೂ ಆ ಕ್ಷಣದಲ್ಲಿ ಏನು ಮಾಡಬೇಕೆಂಬುದನ್ನು ಕಲಿಸಲೇಬೇಕು.

ಪುರಾವೆ ಮತ್ತು ಟೀಕೆ

ಮೈಕಲ್ ಸ್ಯಾಂಡ್‌ಬ್ಯಾಂಕ್ ಮತ್ತು ಸಂಗಡಿಗರ 2020ರ ವಿಶ್ಲೇಷಣೆ ಆಟಿಸಂ ಇರುವ ಚಿಕ್ಕ ಮಕ್ಕಳ ಮೇಲಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿತು. ಸಹಜ ಸನ್ನಿವೇಶದ, ಬೆಳವಣಿಗೆ ಆಧಾರಿತ ಪದ್ಧತಿಗಳಿಗೆ ಸಾಮಾಜಿಕ ಸಂವಹನದಲ್ಲಿ ಭರವಸೆಯ ಪುರಾವೆ ಕಂಡರೂ, ಕಟ್ಟುನಿಟ್ಟಾದ ಅಧ್ಯಯನಗಳಿಗೆ ಸೀಮಿತಗೊಳಿಸಿದಾಗ ಪರಿಣಾಮ ಕುಗ್ಗಿತು. ಕಲಿಸಿದ ಕೋಣೆಯಲ್ಲಿ, ಕಲಿಸಿದವರೊಂದಿಗೆ ಕೌಶಲ ಚೆನ್ನಾಗಿ ಕಾಣುವುದು, ಹೊರಗೆ ಮಸುಕಾಗುವುದು ಈ ಕ್ಷೇತ್ರದ ಹಳೆಯ ಸಮಸ್ಯೆ. ಥೆರಪಿ ಕೋಣೆಯ ಸರದಿ ಮನೆಯಂಗಳದಲ್ಲಿ, ಮದುವೆಮನೆಯಲ್ಲಿ, ಅಂಗನವಾಡಿಯಲ್ಲಿ ಮತ್ತೆ ಮತ್ತೆ ಅಭ್ಯಾಸವಾಗಬೇಕು.

ಇನ್ನೊಂದು ಟೀಕೆ ಆಟಿಸಂ ಇರುವ ವಯಸ್ಕರಿಂದಲೇ ಬಂದಿದೆ. ಡೇಮಿಯನ್ ಮಿಲ್ಟನ್ 2012ರಲ್ಲಿ ತೊಡಕು ಒಂದೇ ಕಡೆಯದಲ್ಲ, ಆಟಿಸಂ ಇರುವವರೂ ಇಲ್ಲದವರೂ ಪರಸ್ಪರರನ್ನು ಅರಿಯುವಲ್ಲಿ ಸೋಲುತ್ತಾರೆ ಎಂದು ವಾದಿಸಿದರು. ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ, ಆಟಿಸಂ ಇರುವ ವಯಸ್ಕರು ತಮ್ಮತಮ್ಮಲ್ಲಿ ಮಾಹಿತಿಯನ್ನು ಇತರರಷ್ಟೇ ಚೆನ್ನಾಗಿ ದಾಟಿಸುತ್ತಾರೆ, ಮಿಶ್ರ ಗುಂಪುಗಳಲ್ಲೇ ಅದು ಸೋರಿಹೋಗುತ್ತದೆ 	ಎಂದು ತೋರಿಸಿದರು. ಇದರಿಂದ ಬೋಧನೆಯ ಗುರಿಯೂ ಬದಲಾಗಿದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಲೇಬೇಕೆಂದು ಒತ್ತಾಯಿಸುವುದು, ಒಂಟಿ ಆಟವನ್ನು ದೋಷವೆಂದು ಕಾಣುವುದು ಈಗ ಪ್ರಶ್ನೆಗೊಳಗಾಗಿವೆ. ಪಕ್ಕದಲ್ಲಿ ಕೂತು ತನ್ನ ಪಾಡಿಗೆ ಆಡುವುದೂ ಒಂದು ಬಗೆಯ ಒಡನಾಟ. ಮಗು ಸದಾ ಬಿಟ್ಟುಕೊಡುವುದನ್ನಷ್ಟೇ ಕಲಿತರೂ ಪಾಠ ಅರ್ಧವೇ. ‘ಇನ್ನೂ ಮುಗಿದಿಲ್ಲ’, ‘ಈಗ ನನ್ನ ಸರದಿ’ ಎಂದು ತನ್ನ ಹಕ್ಕನ್ನು ಹೇಳಿಕೊಳ್ಳುವುದೂ ಕಲಿಕೆಯಲ್ಲಿ ಸೇರಿದೆ.

ಭಾರತ ಮತ್ತು ಕರ್ನಾಟಕದಲ್ಲಿ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ, ಎಡಿಎಚ್‌ಡಿಗೆ ಪ್ರತ್ಯೇಕ ಸ್ಥಾನವಿಲ್ಲ. ಪ್ರಮಾಣಪತ್ರಕ್ಕಾಗಿ ಬಳಸುವ ಭಾರತೀಯ ಆಟಿಸಂ ಮಾಪನದ 40 ಅಂಶಗಳಲ್ಲಿ ಸಾಮಾಜಿಕ ಒಡನಾಟದಲ್ಲಿ ಸರದಿ ಪಾಲಿಸಲಾಗದಿರುವುದೂ ಒಂದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ ಮತ್ತು ಶಾಲೆಗಳಲ್ಲಿ ತಪಾಸಣೆ ನಡೆಸಿ, ಬೆಳವಣಿಗೆಯ ತೊಂದರೆ ಕಂಡ ಮಕ್ಕಳನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳಿಸುವ ವ್ಯವಸ್ಥೆ ಹೊಂದಿದೆ.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ರಾಜ್ಯದ ಪ್ರಮುಖ ಸರ್ಕಾರಿ ಕೇಂದ್ರಗಳು. ವಾಕ್ ಶ್ರವಣ ತಜ್ಞೆ ಪ್ರತಿಭಾ ಕಾರಂತ ಅವರು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾಮ್ ಡೀಲ್ ಶಾಲಾಪೂರ್ವ ಮಕ್ಕಳನ್ನು ಸಾಮಾನ್ಯ ಶಾಲೆಗೆ ಅಣಿಗೊಳಿಸುವ ಉದ್ದೇಶದ ಕಾರ್ಯಕ್ರಮ. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೂ ಪೋಷಕರಿಗೆ ನೆರವಾಗಬಲ್ಲರೆಂಬುದಕ್ಕೆ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪಾಸ್ ಅಧ್ಯಯನ ಆಧಾರ ಒದಗಿಸಿದೆ. ಅದರಲ್ಲಿ ಪೋಷಕರು ಮಗುವಿನೊಂದಿಗೆ ಆಡುವುದನ್ನು ವಿಡಿಯೊ ಮಾಡಿ, ಅವರೊಂದಿಗೇ ಕೂತು ನೋಡಿ, ಮಗುವಿನ ಸಣ್ಣ ಪ್ರಯತ್ನಗಳಿಗೆ ಸ್ಪಂದಿಸುವುದನ್ನು ಕಲಿಸಲಾಯಿತು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ದೇಶದ ಕೆಲವೇ ತಾಲ್ಲೂಕುಗಳಲ್ಲಿ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಇಂದು ರಾಜ್ಯದ ಹಳ್ಳಿಗಳಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಮನೆಯ ಹೊರಗೆ ಮೊದಲು ಸರದಿ ನಿಲ್ಲುವುದು ಹೆಚ್ಚಾಗಿ ಅಂಗನವಾಡಿಯಲ್ಲೇ: ಕೈ ತೊಳೆಯಲು, ಊಟದ ತಟ್ಟೆಗೆ, ಜಾರುಬಂಡಿಗೆ. ಅಂಗವಿಕಲ ಮಕ್ಕಳನ್ನು ಬೇಗ ಗುರುತಿಸಿ ಒಳಗೊಳ್ಳಲು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2023ರಲ್ಲಿ ಅಂಗನವಾಡಿಗಳಿಗೆಂದೇ ಕಾರ್ಯಸೂಚಿ ಹೊರತಂದಿತು. ಒಬ್ಬ ಕಾರ್ಯಕರ್ತೆಗೆ ಪೌಷ್ಟಿಕ ಆಹಾರ, ದಾಖಲೆ, ಸಮೀಕ್ಷೆ ಎಲ್ಲವೂ ಹೊರೆಯಾಗಿರುವಲ್ಲಿ ಪ್ರತಿ ಮಗುವಿಗೂ ಪ್ರತ್ಯೇಕ ಪಾಠ ನಡೆಯುವುದು ಕಷ್ಟ. ಫೋಟೊ ಅಂಟಿಸಿದ ರಟ್ಟು, ಬಟ್ಟೆಯ ಕ್ಲಿಪ್ಪು, ಹತ್ತರವರೆಗಿನ ಎಣಿಕೆ, ಇಬ್ಬಿಬ್ಬರ ಜೋಡಿ ಇವಿಷ್ಟನ್ನು ದಿನದ ಇದೇ ಸರದಿಗಳಲ್ಲಿ ಬಳಸಿದರೆ ಬೇರೆ ವೇಳೆ ಮೀಸಲಿಡಬೇಕಾಗುವುದಿಲ್ಲ. ಗುರುತು ಹಾಕಿದ ಜಾಗ, ಕಾಣುವ ಕೊನೆ, ಚಿಕ್ಕ ಗುಂಪು ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಉಪಯುಕ್ತವಾದ್ದರಿಂದ ಇವನ್ನು ಇಡೀ ತರಗತಿಯ ಪದ್ಧತಿಯಾಗಿಯೇ ಅಳವಡಿಸುವುದು ಸೂಕ್ತ. ಹಾಗೆ ಮಾಡಿದಾಗ ಆಟಿಸಂ ಅಥವಾ ಎಡಿಎಚ್‌ಡಿ ಇರುವ ಮಗುವನ್ನು ಬೇರೆಯಾಗಿ ಎತ್ತಿ ತೋರಿಸುವ ಪ್ರಮೇಯವೂ ಬರುವುದಿಲ್ಲ.